ಸಾಲ ತೀರಿಸುವ ಮೊದಲು: ಜೂಜಿನ ಗೀಳಿಗೆ ನೆರವು ಹುಡುಕುವವರಿಗೆ

ಜೂಜಿನ ವಿಷಯ ಮನೆಯಲ್ಲಿ ಬಯಲಾಗುವುದು ಬಹುಮಟ್ಟಿಗೆ ಆಟದಿಂದಲ್ಲ, ಸಾಲದಿಂದ. ಬೀರುವಿನಲ್ಲಿರಬೇಕಾದ ಬಳೆ ಗಿರವಿ ಅಂಗಡಿಯಲ್ಲಿದೆ ಎಂದು ಗೊತ್ತಾಗುತ್ತದೆ, ಪರಿಚಯವಿಲ್ಲದವರೊಬ್ಬರು ಬಾಗಿಲಿಗೆ ಬಂದು ದನಿ ಏರಿಸುತ್ತಾರೆ, ಇಲ್ಲವೇ ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟ ಹಣ ಖಾತೆಯಲ್ಲಿ ಇರುವುದಿಲ್ಲ. ಆ ಹೊತ್ತಿನಲ್ಲಿ ಮನೆಯವರೆಲ್ಲರ ಮನಸ್ಸು ಒಂದೇ ಲೆಕ್ಕದಲ್ಲಿ ತೊಡಗಿರುತ್ತದೆ: ಒಟ್ಟು ಎಷ್ಟು, ತೀರಿಸುವುದು ಹೇಗೆ? ಸೈಟು ಮಾರಿಯೋ ನೆಂಟರ ಕೈಕಾಲು ಹಿಡಿದೋ ಹಣ ಹೊಂದಿಸಿ, ಮನೆದೇವರ ಮುಂದೆ ಆಣೆ ಮಾಡಿಸಿಕೊಂಡು, ಇಲ್ಲಿಗೆ ಮುಗಿಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕೆಲವು ತಿಂಗಳು ಕಳೆಯುವುದರೊಳಗೆ ಅದೇ ಸಂಗತಿ ಇನ್ನೂ ದೊಡ್ಡ ಮೊತ್ತದೊಂದಿಗೆ ಮರಳಿ ಬಂದು ನಿಲ್ಲುತ್ತದೆ.

ಜೂಜಾಡುವವರು ತಮ್ಮ ಸಮರ್ಥನೆಗೆ ಧರ್ಮರಾಯನನ್ನು ಎಳೆದು ತರುವುದುಂಟು. ಆ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಮೊದಲ ಆಟವನ್ನಲ್ಲ, ಎರಡನೆಯದನ್ನು. ಸೋತದ್ದನ್ನೆಲ್ಲ ಧೃತರಾಷ್ಟ್ರ ಹಿಂದಿರುಗಿಸಿದ ಮೇಲೆ, ಇಂದ್ರಪ್ರಸ್ಥದ ದಾರಿ ಹಿಡಿದಿದ್ದವನು ಮತ್ತೊಮ್ಮೆ ಕರೆ ಬಂದೊಡನೆ ತಿರುಗಿ ಬಂದು ಪಗಡೆಯ ಮುಂದೆ ಕುಳಿತ. ಕಳೆದುಹೋದ ಹಣವನ್ನು ತುಂಬಿಕೊಟ್ಟ ಮಾತ್ರಕ್ಕೆ ಗೀಳು ಹೋಗುವುದಿಲ್ಲ. ಎಷ್ಟೋ ಸಲ ಅದು ಮುಂದಿನ ಆಟಕ್ಕೆ ಬಂಡವಾಳವಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಹೇಳುವ ಕ್ರಮ ವಾಡಿಕೆಯ ಕ್ರಮಕ್ಕೆ ತಿರುವುಮುರುವಾಗಿದೆ. ಮೊದಲು ಜೀವದ ಸುರಕ್ಷತೆ, ಅನಂತರ ಚಿಕಿತ್ಸೆ, ಅದರ ಜೊತೆಗೇ ಹಣದ ಹಿಡಿತವನ್ನು ಬೇರೆಯವರ ಕೈಗೆ ಕೊಡುವುದು, ಸಾಲದ ಲೆಕ್ಕ ಕೊನೆಗೆ.

ಮೊದಲು ಕೇಳಬೇಕಾದ ಪ್ರಶ್ನೆ

ಜೂಜಿನ ಸಾಲದಲ್ಲಿ ಸಿಕ್ಕಿಕೊಂಡವರಿಗೆ ಸಾಯುವ ಯೋಚನೆ ಬರುವುದು ಅಪರೂಪವಲ್ಲ. ಗುಟ್ಟು ರಟ್ಟಾದ ದಿನ, ಸಾಲ ಕೊಟ್ಟವರು ಮನೆಗೆ ಬಂದ ದಿನ ಮತ್ತು ಕೊನೆಯ ಆಸೆಯಿಂದ ಹಾಕಿದ ದೊಡ್ಡ ಬಾಜಿ ಸೋತ ರಾತ್ರಿ ಹೆಚ್ಚು ಅಪಾಯದವು. ಅಂಥ ದಿನ ಬೈಗುಳಕ್ಕಾಗಲಿ ಪಂಚಾಯಿತಿ ಸೇರಿಸುವುದಕ್ಕಾಗಲಿ ಅವಸರ ಮಾಡಬಾರದು. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕರಲ್ಲಿದೆ, ಅದು ನಿಜವಲ್ಲ, ಕೇಳಿದಾಗ ಮನಸ್ಸಿನ ಭಾರ ಇಳಿಯುವುದೇ ಹೆಚ್ಚು. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಬೇಸಾಯದ ಮನೆಯಾಗಿದ್ದರೆ ಕ್ರಿಮಿನಾಶಕದ ಡಬ್ಬಿಗಳನ್ನು ಆ ಕ್ಷಣವೇ ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಿಡಬೇಕು. ತುರ್ತಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಆದ್ದರಿಂದ ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು.

ಇದು ಚಟವೋ, ಕಾಯಿಲೆಯೋ

ನಮ್ಮಲ್ಲಿ ಯುಗಾದಿಗೋ ದೀಪಾವಳಿಗೋ ಇಸ್ಪೀಟು ಹಾಕುವುದು ಅನೇಕ ಊರುಗಳ ವಾಡಿಕೆ. ಹಾಗೆ ಆಡಿದವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಜೂಜಿನ ವ್ಯಸನಕ್ಕೆ ಒಂದು ಕಾಯಿಲೆಯಾಗಿ ಸ್ಥಾನವಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಮದ್ಯ ಮತ್ತು ಮಾದಕವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ಆ ಸಂಘದ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ, ಹನ್ನೆರಡು ತಿಂಗಳೊಳಗೆ ಅವುಗಳಲ್ಲಿ ನಾಲ್ಕು ಕಂಡರೆ ಕಾಯಿಲೆಯೆಂದು ಪರಿಗಣಿಸುತ್ತಾರೆ. ಅದೇ ಖುಷಿಗೆ ಬಾಜಿಯ ಮೊತ್ತವನ್ನು ಏರಿಸುತ್ತ ಹೋಗಬೇಕಾಗುವುದು, ನಿಲ್ಲಿಸಲು ಹೋದಾಗ ಸಿಡಿಮಿಡಿಗೊಳ್ಳುವುದು, ಹಲವು ಸಲ ಯತ್ನಿಸಿಯೂ ಬಿಡಲಾಗದಿರುವುದು, ಸದಾ ಅದೇ ಧ್ಯಾನದಲ್ಲಿರುವುದು, ಬೇಸರ ಮತ್ತು ಆತಂಕವನ್ನು ಮರೆಯಲು ಆಡುವುದು, ಎಷ್ಟು ಕಳೆದೆನೆಂಬುದರ ಬಗ್ಗೆ ಸುಳ್ಳು ಹೇಳುವುದು, ಕೆಲಸವನ್ನೋ ಸಂಬಂಧವನ್ನೋ ಕಳೆದುಕೊಳ್ಳುವ ಹಂತಕ್ಕೆ ಬರುವುದು, ಖರ್ಚಿಗೆ ಇನ್ನೊಬ್ಬರ ಮುಂದೆ ಕೈಯೊಡ್ಡುವುದು ಇವು ಎಂಟು. ಉಳಿದ ಒಂದು ಲಕ್ಷಣವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಮನೆಯವರು ಮೊದಲು ಗುರುತಿಸಬಹುದಾದದ್ದು ಅದು: ಕಳೆದದ್ದನ್ನು ಆಡಿಯೇ ವಾಪಸು ಪಡೆಯುತ್ತೇನೆಂಬ ಹಟ. "ಇದೊಂದು ಮ್ಯಾಚು ಬಂದುಬಿಟ್ಟರೆ ಎಲ್ಲಾ ಸರಿಹೋಗುತ್ತೆ" ಎಂಬ ಮಾತು ಮೂರನೆಯ ಸಲ ಕಿವಿಗೆ ಬಿದ್ದರೆ ಅದನ್ನು ಆಶಾವಾದವೆಂದು ತಿಳಿಯಬೇಡಿ.

ಬಹಳ ಜನಕ್ಕೆ ತಿಳಿಯದ ಇನ್ನೊಂದು ಸಂಗತಿಯಿದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದ ಕೆಲವು ಮಾತ್ರೆಗಳು ಕೆಲವರಲ್ಲಿ ಜೂಜಿನ ತಡೆಯಲಾಗದ ಸೆಳೆತವನ್ನು ಹುಟ್ಟಿಸುತ್ತವೆ. ಜೀವಮಾನದಲ್ಲಿ ಇಸ್ಪೀಟು ಎಲೆ ಮುಟ್ಟದ ಹಿರಿಯರು ಇದ್ದಕ್ಕಿದ್ದಂತೆ ಮೊಬೈಲಿನಲ್ಲಿ ಹಣ ಕಟ್ಟಿ ಆಡತೊಡಗಿದ್ದರೆ ಅವರ ಔಷಧಿ ಚೀಟಿಯನ್ನು ನರರೋಗ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸುವುದು ಮಾತ್ರ ಬೇಡ.

ಮೊದಲ ಕರೆ ಮತ್ತು ಮೊದಲ ಭೇಟಿ

ಎಲ್ಲಿಂದ ಆರಂಭಿಸಬೇಕೆಂದು ತೋಚದವರಿಗೆ ಅತ್ಯಂತ ಸುಲಭದ ಬಾಗಿಲು ಟೆಲಿ ಮಾನಸ್ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಆರಂಭಿಸಿದ ಈ ಸೇವೆಯ ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಸಿಗುತ್ತದೆ, ಭಾಷೆಯನ್ನು ಆರಿಸಿಕೊಂಡರೆ ಕನ್ನಡದಲ್ಲೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ಅಥವಾ ನಿಮ್ಮ ಭಾಗದ ಆಸ್ಪತ್ರೆಗೆ ದಾಟಿಸುತ್ತಾರೆ. ಜೂಜಾಡುವವರೇ ಕರೆ ಮಾಡಬೇಕೆಂದಿಲ್ಲ, ಹೆಂಡತಿಯೋ ತಾಯಿಯೋ ಗೆಳೆಯನೋ ಮಾಡಬಹುದು. "ಇದೇನು ಹುಚ್ಚೇ, ಅಲ್ಲಿಗೇಕೆ ಫೋನು?" ಎನ್ನುವವರಿಗೆ, ನಿದ್ದೆ ಬಾರದಿರುವುದಕ್ಕೂ ಪರೀಕ್ಷೆಯ ಭಯಕ್ಕೂ ಜನ ಅದೇ ಸಂಖ್ಯೆಗೆ ಕರೆ ಮಾಡುತ್ತಾರೆ ಎಂದು ಹೇಳಿದರೆ ಸಾಕು.

ಕರೆ ಮಾಡುವಾಗ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಂಡು ಹೇಳಬೇಕಾಗಿಲ್ಲ. ಏನು ಆಡುತ್ತಾರೆ (ಓಸಿ ನಂಬರೋ, ಅಂದರ್ ಬಾಹರೋ, ಕ್ರಿಕೆಟ್ ಬೆಟ್ಟಿಂಗೋ, ರಮ್ಮಿ ಆ್ಯಪೋ), ಎಷ್ಟು ಕಾಲದಿಂದ ನಡೆದಿದೆ, ಕುಡಿತವೂ ಜೊತೆಗಿದೆಯೇ, ನಿದ್ದೆ ಮತ್ತು ಊಟ ಹೇಗಿವೆ, ಸಾಯುವ ಮಾತು ಬಂದಿದೆಯೇ ಎಂಬಷ್ಟು ತಿಳಿಸಿದರೆ ಉಳಿದದ್ದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ.

ಮುಖತಃ ವೈದ್ಯರನ್ನು ಕಾಣಲು ಬೆಂಗಳೂರಿಗೇ ಹೋಗಬೇಕೆಂಬುದು ತಪ್ಪು ತಿಳಿವಳಿಕೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. 1996ರಲ್ಲಿ ದೇಶದಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರ ತಂಡ ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಬರುತ್ತಾರೆಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ವ್ಯರ್ಥವಾಗುವುದಿಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮೊಬೈಲು ಮತ್ತು ಅಂತರ್ಜಾಲದ ಗೀಳಿಗೆ ಸಿಕ್ಕವರಿಗಾಗಿ ಅದೇ ಸಂಸ್ಥೆ 2014ರಲ್ಲಿ ಶಟ್ ಕ್ಲಿನಿಕ್ ಎಂಬುದನ್ನು ಆರಂಭಿಸಿತು. ಕಾಲೇಜು ಹುಡುಗನೊಬ್ಬ ರಾತ್ರಿಯೆಲ್ಲ ಫೋನು ಹಿಡಿದು ಆಡುತ್ತಿದ್ದರೆ, ಆಟದಲ್ಲಿ ಹಣ ಹೂಡಿದ್ದಾನೋ ಇಲ್ಲವೋ ಎಂಬುದು ಇನ್ನೂ ಸ್ಪಷ್ಟವಾಗದಿದ್ದರೂ, ಅಲ್ಲಿಗೆ ಕರೆದೊಯ್ಯಬಹುದು.

ಚಿಕಿತ್ಸೆಯೆಂದರೆ ಏನು ಮಾಡುತ್ತಾರೆ? ಜೂಜಿಗೆಂದೇ ಇರುವ ಒಂದು ಮಾತ್ರೆ ಇಲ್ಲ. ಮುಖ್ಯ ಚಿಕಿತ್ಸೆ ಮಾತಿನದು: ಯಾವ ಹೊತ್ತಿನಲ್ಲಿ, ಯಾರ ಜೊತೆಗಿದ್ದಾಗ, ಯಾವ ಭಾವನೆಯಲ್ಲಿ ಸೆಳೆತ ಏಳುತ್ತದೆ ಎಂಬುದನ್ನು ಗುರುತಿಸಿ, "ಈ ನಂಬರು ಬಹಳ ದಿನದಿಂದ ಬಂದಿಲ್ಲ, ಇವತ್ತು ಬರಲೇಬೇಕು" ಎಂಬಂಥ ನಂಬಿಕೆಗಳನ್ನು ಲೆಕ್ಕ ಹಾಕಿ ಬಿಡಿಸುತ್ತಾರೆ. ಕೂದಲೆಳೆಯ ಅಂತರದ ಸೋಲನ್ನು ಮನಸ್ಸು ಗೆಲುವಿನ ಹತ್ತಿರ ಬಂದಂತೆ ಓದಿಕೊಳ್ಳುವುದೇ ಈ ಕಾಯಿಲೆಯ ಗುಟ್ಟು, ಅದನ್ನು ತಿಳಿದವರಿಂದ ಎದುರು ಕೂತು ಕೇಳಿದಾಗ ಮಾತ್ರ ಮನಸ್ಸಿಗೆ ಇಳಿಯುತ್ತದೆ. ಖಿನ್ನತೆ, ಆತಂಕ ಅಥವಾ ಕುಡಿತ ಜೊತೆಗಿದ್ದರೆ ಅವುಗಳಿಗೆ ಔಷಧಿ ಕೊಡುತ್ತಾರೆ; ಕೆಲವರಿಗೆ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ ವೈದ್ಯರು ಬರೆಯುವುದುಂಟು. ಒಂದು ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ ಇದು, ತಿಂಗಳುಗಳ ಕಾಲ ಹೋಗಿಬರಲು ಸಿದ್ಧರಾಗಬೇಕು.

ವೈದ್ಯರ ಮುಂದೆ ಹೇಳಿದ್ದು ಪೊಲೀಸರಿಗೆ ಹೋಗುತ್ತದೆಯೇ ಎಂಬ ಅಳುಕು ಸಹಜ. ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡಿಸುವ ಹಕ್ಕನ್ನು 2017ರ ಕಾಯ್ದೆಯ 23ನೇ ಕಲಂ ರೋಗಿಗೆ ಕೊಟ್ಟಿದೆ, ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳನ್ನು ಬಿಟ್ಟು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಾದರೂ ಹಣದ ಆಟಗಳನ್ನು ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ ಮತ್ತು ಹಣ ದಾಟಿಸುವವರಿಗೆ ಶಿಕ್ಷೆ ವಿಧಿಸುತ್ತದೆಯೇ ಹೊರತು ಆಡಿದವರನ್ನು ಅಪರಾಧಿಯೆಂದು ನೋಡುವುದಿಲ್ಲ. ಇಸ್ಪೀಟು ಅಡ್ಡೆಯ ಮಾತು ಬೇರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅಲ್ಲಿ ಸಿಕ್ಕಿಬಿದ್ದವರ ಮೇಲೂ ಕೇಸು ಆಗುತ್ತದೆ. ಆದರೆ ಆಸ್ಪತ್ರೆಯ ಕೊಠಡಿ ಅಡ್ಡೆಯಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಊರೂರಿನಲ್ಲಿ ವ್ಯಸನಮುಕ್ತಿ ಕೇಂದ್ರದ ಫಲಕಗಳು ಕಾಣುತ್ತವೆ, ಕೆಲವು ಒಳ್ಳೆಯವೂ ಇವೆ. ಸೇರಿಸುವ ಮೊದಲು ಅದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ಮನೋವೈದ್ಯರು ನಿಜವಾಗಿ ಬರುತ್ತಾರೆಯೇ, ಮನೆಯವರು ಭೇಟಿಯಾಗಲು ಬಿಡುತ್ತಾರೆಯೇ, ಜೂಜಿಗೆ ಚಿಕಿತ್ಸೆ ಕೊಟ್ಟ ಅನುಭವವಿದೆಯೇ ಎಂದು ಕೇಳಿ. ರಾತ್ರಿ ವ್ಯಾನು ತಂದು ಎತ್ತಿಕೊಂಡು ಹೋಗುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಊಟದಲ್ಲಿ ಗುಟ್ಟಾಗಿ ಬೆರೆಸಿಕೊಟ್ಟರೆ ಚಟ ಬಿಡಿಸುತ್ತದೆಂದು ಮಾರುವ ಪುಡಿಗಳ ಮಾತೂ ಅಷ್ಟೇ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಸಲಹೆಯನ್ನು ಕೊಡುವವರು ತಮ್ಮ ಮಗಳನ್ನು ಕೊಡಲು ಮುಂದೆ ಬರುವುದಿಲ್ಲ ಎಂಬುದನ್ನೂ ಗಮನಿಸಿ.

ಮನೆಯವರು ಹೇಗೆ ಮಾತು ತೆಗೆಯಬೇಕು

ಸೋತು ಬಂದ ರಾತ್ರಿಯೂ ಗೆದ್ದು ಬಂದ ರಾತ್ರಿಯೂ ಮಾತಿಗೆ ತಕ್ಕ ಸಮಯವಲ್ಲ. ಮರುದಿನ ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಕಣ್ಣಾರೆ ಕಂಡ ಒಂದೆರಡು ಸಂಗತಿಗಳನ್ನಷ್ಟೇ ಮುಂದಿಡಿ. "ರೀ, ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೆ ಹೇಳ್ತಿಲ್ಲ. ಫೀಸಿನ ದುಡ್ಡು ಹೋಗಿದೆ, ನಿಮಗೆ ಹದಿನೈದು ದಿನದಿಂದ ನಿದ್ದೆ ಇಲ್ಲ. ಮಂಗಳವಾರ ಆಸ್ಪತ್ರೆಗೆ ಇಬ್ಬರೂ ಹೋಗಿ ಬರೋಣ" ಎಂದರೆ ಅದರಲ್ಲಿ ದಿನವೂ ಇದೆ, ಜಾಗವೂ ಇದೆ, ಜೊತೆಗೆ ಬರುವ ಭರವಸೆಯೂ ಇದೆ. ಅಣ್ಣನಿಗೆ ತಮ್ಮ ಹೇಳುವುದು ಕಷ್ಟವಾದಲ್ಲಿ ಅವರು ಗೌರವಿಸುವ ಮಾವನನ್ನೋ ಹಳೆಯ ಮೇಷ್ಟ್ರನ್ನೋ ಜೊತೆಗೆ ಕೂರಿಸಿಕೊಳ್ಳಬಹುದು. ಆದರೆ ಒಬ್ಬರು ಸಾಕು. ಹತ್ತು ಜನ ಸುತ್ತ ಕುಳಿತರೆ ಅದು ವಿಚಾರಣೆಯಾಗುತ್ತದೆ.

ಆಣೆ ಪ್ರಮಾಣದ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ದೇವರ ಮೇಲಿನ ಭಕ್ತಿ ಅನೇಕರಿಗೆ ನಿಜವಾದ ಬಲ ಕೊಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಗುವಿನ ತಲೆ ಮುಟ್ಟಿಸಿ ಮಾಡಿಸಿದ ಆಣೆ ಮುರಿದಾಗ, ಮುರಿದವರು ಆ ಪಾಪಪ್ರಜ್ಞೆಯಲ್ಲಿ ಮತ್ತಷ್ಟು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದು ಮತ್ತಷ್ಟು ಬೆಳೆಯುತ್ತದೆ. ಆಣೆಯ ಬದಲು ಆಸ್ಪತ್ರೆಯ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

ಆಸ್ಪತ್ರೆಗೆ ಬರಲು ಅವರು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ಮನೆಯವರಿಗೂ ಆಪ್ತಸಮಾಲೋಚನೆ ಸಿಗುತ್ತದೆ, ಅದರಿಂದ ಮನೆಯ ನಡವಳಿಕೆ ಬದಲಾದಾಗ ಅವರೂ ಒಂದು ದಿನ ಬರಲು ಒಪ್ಪುವುದುಂಟು.

ಹಣದ ಬಾಗಿಲುಗಳನ್ನು ಮುಚ್ಚುವುದು

ಚಿಕಿತ್ಸೆ ಪಡೆಯುವವರು ಒಪ್ಪಿ, ತಾವಾಗಿ ಕೊಟ್ಟಾಗ ಮಾತ್ರ ಈ ಭಾಗ ಫಲಿಸುತ್ತದೆ. ಸಂಬಳ ಬೀಳುವ ಖಾತೆಯ ಡೆಬಿಟ್ ಕಾರ್ಡು, ಚೆಕ್ ಪುಸ್ತಕ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಇವು ನಂಬಿಕೆಯ ಒಬ್ಬರ ಕೈಗೆ ಹೋಗಬೇಕು. ಫೋನಿನಲ್ಲಿರುವ ಯುಪಿಐ ಆ್ಯಪುಗಳನ್ನು ಬರೀ ಅಳಿಸಿದರೆ ಸಾಲದು, ಐದು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಬಹುದು. ಬ್ಯಾಂಕಿನಲ್ಲಿ ಕೇಳಿ ಖಾತೆಯ ಯುಪಿಐ ಸೌಲಭ್ಯವನ್ನೇ ನಿಲ್ಲಿಸಿ, ಇಲ್ಲವೇ ದಿನದ ಮಿತಿಯನ್ನು ಕೆಲವು ನೂರು ರೂಪಾಯಿಗೆ ಇಳಿಸಿ. ಹಣ ತಾನಾಗಿಯೇ ಕಡಿತವಾಗಲು ಕೊಟ್ಟ ಅನುಮತಿಗಳಿರುವ ಆಟೋಪೇ ವಿಭಾಗವನ್ನು ತೆರೆದು, ನಿಮಗೆ ಗೊತ್ತಿಲ್ಲದ ಅನುಮತಿಗಳು ಇವೆಯೇ ಎಂದು ನೋಡಿ ರದ್ದುಮಾಡಿ.

ಚಹಾಕ್ಕೂ ಬಸ್ಸಿಗೂ ಯುಪಿಐ ಬೇಕಾಗುವ ಕಾಲ ಇದು, ಪೂರ್ತಿ ನಿಲ್ಲಿಸಿದರೆ ಬದುಕುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಸೌಲಭ್ಯ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಅದನ್ನು ಯಾರೂ ಈ ಉದ್ದೇಶಕ್ಕೆಂದು ಮಾಡಿರಲಿಕ್ಕಿಲ್ಲ. ಹೆಂಡತಿ ಮುಖ್ಯ ಬಳಕೆದಾರಳಾಗಿ ಗಂಡನನ್ನು ತನ್ನ ಖಾತೆಗೆ ಸೇರಿಸಿಕೊಂಡರೆ, ಅವನು ಸ್ಕ್ಯಾನ್ ಮಾಡಿದ ಪ್ರತಿಯೊಂದು ಪಾವತಿಯೂ ಅವಳ ಫೋನಿನಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಹೋಗುವಂತೆ ಮಾಡಬಹುದು. ತರಕಾರಿಗೆ ಒಪ್ಪಿಗೆ ಸಿಗುತ್ತದೆ, ಬುಕ್ಕಿಗೆ ಸಿಗುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಇಷ್ಟೆಲ್ಲ ಬೇಡದಿರಬಹುದು. ದಿನದ ಖರ್ಚನ್ನು ನಗದಾಗಿ ಕೈಗೆ ಕೊಟ್ಟರೆ ಆಯಿತು. ಅಲ್ಲಿ ನೋಡಿಕೊಳ್ಳಬೇಕಾದದ್ದು ಹಾಲಿನ ಡೈರಿಯ ಬಟವಾಡೆ, ರೇಷ್ಮೆಗೂಡು ಅಥವಾ ಅಡಿಕೆ ಮಾರಿದ ದಿನದ ಹಣ, ಸಂಘದ ಸಾಲದ ಹೊಸ ಕಂತು. ಇವು ಯಾರ ಖಾತೆಗೆ ಬೀಳುತ್ತವೆ ಎಂಬುದನ್ನು ಮೊದಲೇ ಬದಲಿಸಿಡಬೇಕು.

ಒಡವೆಯನ್ನು ಬೀರುವಿನಿಂದ ತೆಗೆದು ಲಾಕರಿನಲ್ಲಿಡಿ, ಲಾಕರು ಅವರ ಹೆಸರಿನಲ್ಲಿ ಬೇಡ. ಪಹಣಿ, ಸೈಟಿನ ಮೂಲ ಪತ್ರ, ಸಹಿ ಹಾಕಿದ ಖಾಲಿ ಚೆಕ್ಕು ಮತ್ತು ಖಾಲಿ ಛಾಪಾ ಕಾಗದ ಮನೆಯಲ್ಲಿ ಇರದಿರಲಿ. ಪ್ರಚಾರದ ಸಂದೇಶಗಳು ನಿಲ್ಲಬೇಕಾದರೆ ಅವರ ಫೋನಿನಿಂದ 1909ಕ್ಕೆ ಸ್ಟಾರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ ಸಂದೇಶ ಕಳಿಸಿ. ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂನಲ್ಲಿರುವ ಟಿಪ್ಸ್ ಗುಂಪುಗಳಿಂದ ಮಾತ್ರ ಕೈಯಾರೆ ಹೊರಬರಬೇಕು. ದೇಶದ ಆ್ಯಪುಗಳು ಹಣದ ಆಟ ನಿಲ್ಲಿಸಿದ ಮೇಲೆಯೂ ಹೊರದೇಶದ ಸೈಟುಗಳೂ ಊರಿನ ಏಜೆಂಟರೂ ಉಳಿದಿದ್ದಾರೆ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿದ ಮೇಲೆಯೂ ಓಸಿ ಬರೆಯುವ ಚೀಟಿಗಳು ಬೀದಿಯಿಂದ ಮರೆಯಾಗಲಿಲ್ಲವಲ್ಲ, ಹಾಗೆಯೇ ಇದು.

ಈಗ ಸಾಲದ ಮಾತು

ಒಂದು ನೋಟುಪುಸ್ತಕದಲ್ಲಿ ಎಲ್ಲ ಸಾಲಗಳನ್ನೂ ಬರೆಸಿ: ಬ್ಯಾಂಕಿನದು, ಫೈನಾನ್ಸಿನದು, ಕೈಸಾಲ, ಗಿರವಿ, ಎತ್ತಿಕೊಂಡ ಚೀಟಿ, ಲೋನ್ ಆ್ಯಪ್, ಮೀಟರ್ ಬಡ್ಡಿ, ಬುಕ್ಕಿಗೆ ಕೊಡಬೇಕೆನ್ನುವುದು. ಮೊದಲ ಸಲ ಬರೆದ ಪಟ್ಟಿ ಪೂರ್ತಿಯಾಗಿರುವುದಿಲ್ಲ, ನಾಚಿಕೆಯಿಂದ ಒಂದೆರಡನ್ನು ಬಿಟ್ಟಿರುತ್ತಾರೆ. ಅದನ್ನು ಹಿಡಿದು ಜಗಳವಾಡದೆ ಒಂದು ವಾರದ ಬಳಿಕ ಮತ್ತೊಮ್ಮೆ ಬರೆಸಿ.

ಪಟ್ಟಿಯಲ್ಲಿರುವ ಎಲ್ಲ ಸಾಲಗಳೂ ಒಂದೇ ತೂಕದವಲ್ಲ. ಬಾಜಿಯ ಒಪ್ಪಂದ ಅಸಿಂಧು, ಗೆದ್ದೆನೆಂದು ಹೇಳುವವರು ಆ ಹಣಕ್ಕಾಗಿ ಕೋರ್ಟಿನಲ್ಲಿ ದಾವೆ ಹೂಡಲಾಗದು ಎಂದು 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಹೇಳುತ್ತದೆ. ಆದ್ದರಿಂದ ಬುಕ್ಕಿ ಕೋರ್ಟಿಗೆ ಎಳೆಯುತ್ತೇನೆಂದು ಹೆದರಿಸಿದರೆ ವಕೀಲರ ಸಲಹೆ ಪಡೆಯದೆ ಹಣವನ್ನಾಗಲಿ ಚೆಕ್ಕನ್ನಾಗಲಿ ಕೊಡಬೇಡಿ. ಗೆಳೆಯನಿಂದಲೋ ಬ್ಯಾಂಕಿನಿಂದಲೋ ಪಡೆದ ಸಾಲಕ್ಕೆ ಈ ರಕ್ಷಣೆ ಸಿಗುವುದೆಂದು ತಿಳಿಯಬಾರದು. ಮನೆಯವರು ನೆನಪಿಡಬೇಕಾದದ್ದು ಇನ್ನೊಂದಿದೆ: ಗಂಡ ತನ್ನ ಹೆಸರಿನಲ್ಲಿ ಮಾಡಿದ ವೈಯಕ್ತಿಕ ಸಾಲಕ್ಕೆ ಹೆಂಡತಿಯಾಗಲಿ, ವಯಸ್ಕ ಮಗನ ಸಾಲಕ್ಕೆ ತಂದೆಯಾಗಲಿ ತಾನಾಗಿಯೇ ಹೊಣೆಯಾಗುವುದಿಲ್ಲ. ಜಾಮೀನು ಹಾಕಿದ್ದರೆ ಮಾತ್ರ ಸಾಲ ಪಡೆದವನಿಗಿರುವಷ್ಟೇ ಹೊಣೆ ಅವರಿಗೂ ಬರುತ್ತದೆ. ಹೊಸದಾಗಿ ಯಾವ ಕಾಗದಕ್ಕೂ ಜಾಮೀನು ಸಹಿ ಹಾಕಬೇಡಿ, ಎಷ್ಟೇ ಅತ್ತು ಕೇಳಿದರೂ.

ಮೀಟರ್ ಬಡ್ಡಿಯವರ ಕಾಟಕ್ಕೆ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಇದೆ. ಕಿರುಸಾಲ ವಸೂಲಿಯಲ್ಲಿ ಬಲವಂತ ಮಾಡುವವರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದು, ಹತ್ತು ವರ್ಷದವರೆಗಿನ ಸಜೆಯನ್ನು ಗೊತ್ತುಪಡಿಸಿತು. ಬೆದರಿಕೆ ಬಂದಾಗ ಕರೆಯ ದಾಖಲೆ, ಸಂದೇಶ, ಬಂದವರ ಗಾಡಿಯ ನಂಬರು ಉಳಿಸಿಕೊಂಡು ಠಾಣೆಗೆ ಹೋಗಿ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ವಸೂಲಿದಾರರು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಆ ಕುರಿತ ಮಾಹಿತಿಗೆ 14448. ಫೋಟೋ ತಿದ್ದಿ ನೆಂಟರಿಗೆಲ್ಲ ಕಳಿಸುತ್ತೇವೆ ಎನ್ನುವ ಲೋನ್ ಆ್ಯಪಿನವರ ವಿರುದ್ಧ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇದೇ ಜಾಗದಲ್ಲಿ ಎರಡನೆಯ ವಂಚನೆಯೂ ಕಾದಿರುತ್ತದೆ: ನೀವು ಬೆಟ್ಟಿಂಗಿನಲ್ಲಿ ಕಳೆದ ಹಣವನ್ನು ವಾಪಸು ಕೊಡಿಸುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎನ್ನುವವರು. ಆ ಹಣವೂ ಹೋಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಹೆಂಡತಿಯ ಒಡವೆಯನ್ನು ಅವಳಿಗೆ ತಿಳಿಯದಂತೆ ಮಾರುವುದು, ಮನೆ ಖರ್ಚಿಗೆ ಕೊಡದಿರುವುದು ಇವೆಲ್ಲ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಆರ್ಥಿಕ ದೌರ್ಜನ್ಯ. ಹಣ ಕೇಳಿ ಕೈಮಾಡುವ ಮಟ್ಟಕ್ಕೆ ಬಂದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಅವರಿಗೆ ಕಾಯಿಲೆಯಿದೆ ಎಂಬುದು ನೀವು ಏಟು ತಿನ್ನುವುದಕ್ಕೆ ಕಾರಣವಾಗಬಾರದು.

ಉಳಿದ ನಿಜವಾದ ಸಾಲವನ್ನು ದುಡಿದು, ಕಂತಿನಲ್ಲಿ, ನಿಧಾನವಾಗಿ, ಸಾಧ್ಯವಾದಷ್ಟೂ ಅವರೇ ತೀರಿಸಲಿ. ಹಣ ಮಾತ್ರ ಅವರ ಕೈಗೆ ಹೋಗದೆ ನೇರವಾಗಿ ಸಾಲ ಕೊಟ್ಟವರ ಖಾತೆಗೆ ಹೋಗಲಿ. ಐದು ವರ್ಷ ಹಿಡಿದರೂ ಚಿಂತೆಯಿಲ್ಲ.

ಜೊತೆಗಾರರು, ಮತ್ತೆ ಜಾರಿದ ದಿನ

ಮದ್ಯಪಾನಿಗಳ ಗುಂಪುಗಳಂತೆ ಜೂಜಿನಿಂದ ಹೊರಬರುವವರದೂ ಒಂದು ಕೂಟವಿದೆ. 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾದ ಗ್ಯಾಂಬ್ಲರ್ಸ್ ಅನಾನಿಮಸ್ ಈಗ ಭಾರತದಲ್ಲೂ ಇದೆ, ಆನ್‌ಲೈನ್ ಸಭೆಗಳೂ ನಡೆಯುತ್ತವೆ. ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ. ವೈದ್ಯರು ಹೇಳಿದಾಗ ತಲೆಗೆ ಹೋಗದ ಮಾತು ತನ್ನಂತೆಯೇ ಮನೆ ಕಳೆದುಕೊಂಡು ನಿಂತವರು ಹೇಳಿದಾಗ ಎದೆಗೆ ನಾಟುವುದುಂಟು. ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಿನ ವ್ಯವಸ್ಥೆ ಇನ್ನೂ ಅನುಕೂಲವಾಗಿದೆ. ಬ್ರಿಟನ್ನಿನಲ್ಲಿ ಗ್ಯಾಮ್‌ಸ್ಟಾಪ್, ಆಸ್ಟ್ರೇಲಿಯಾದಲ್ಲಿ 2023ರಿಂದ ಬೆಟ್‌ಸ್ಟಾಪ್ ಎಂಬ ನೋಂದಣಿಗಳಿದ್ದು, ಒಮ್ಮೆ ಹೆಸರು ಬರೆಸಿದರೆ ಆ ದೇಶದ ಪರವಾನಗಿಯುಳ್ಳ ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳು ಅವರನ್ನು ಆಡಗೊಡುವಂತಿಲ್ಲ. ಸಹಾಯವಾಣಿ ಬ್ರಿಟನ್ನಿನಲ್ಲಿ 0808 8020 133, ಆಸ್ಟ್ರೇಲಿಯಾದಲ್ಲಿ 1800 858 858.

ನಿಲ್ಲಿಸಿದವರು ಮತ್ತೆ ಒಮ್ಮೆ ಆಡಿಬಿಡುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಐಪಿಎಲ್ ಶುರುವಾಗುವ ವಾರ, ಯುಗಾದಿಯ ಮರುದಿನ, ದೀಪಾವಳಿ, ಬೋನಸ್ ಬಂದ ದಿನ, ಬೆಳೆ ಮಾರಿದ ದಿನ ಇವುಗಳನ್ನು ಮೊದಲೇ ಗುರುತಿಸಿ, ಆ ದಿನಗಳಿಗೆ ಬೇರೆ ಕೆಲಸವನ್ನೋ ಪಯಣವನ್ನೋ ಗೊತ್ತುಮಾಡಿಕೊಂಡರೆ ಒಳ್ಳೆಯದು. ಸೆಳೆತ ಎದ್ದಾಗ ಅದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತದೆ. ಆ ಹೊತ್ತನ್ನು ದಾಟಿಸಲು ಯಾರಿಗೆ ಫೋನು ಮಾಡಬೇಕೆಂಬ ಎರಡು ಹೆಸರುಗಳನ್ನು ಮೊದಲೇ ನಿಶ್ಚಯಿಸಿಡಬೇಕು. ಆದರೂ ಜಾರಿದರೆ ಅದೇ ದಿನ, ಮೊತ್ತ ಸಣ್ಣದಿರುವಾಗಲೇ, ಮನೆಯಲ್ಲಿ ಹೇಳಬಹುದು ಎಂಬ ಧೈರ್ಯ ಅವರಿಗೆ ಇರಬೇಕು. ಹೇಳಿದ ದಿನ ಮನೆಯವರು ಮಾಡಬೇಕಾದದ್ದು ಇಷ್ಟೆ: ಹಣ ಯಾವ ದಾರಿಯಿಂದ ಹೊರಗೆ ಹೋಯಿತೆಂದು ಕೇಳಿ ಆ ದಾರಿಯನ್ನು ಮುಚ್ಚುವುದು, ನೋಟುಪುಸ್ತಕದಲ್ಲಿ ಆ ಮೊತ್ತವನ್ನು ಬರೆಯುವುದು, ಮತ್ತು ಮುಂದಿನ ತಿಂಗಳ ಭೇಟಿಗೆ ಕಾಯದೆ ಬರುವ ಮಂಗಳವಾರವೇ ಆಸ್ಪತ್ರೆಗೆ ಹೊರಡುವುದು.